ಪಿಸ್ಟನ್ ಹೋಗಿದೆ ಸರಿ, ಯಾಕೆ ಹೋಯ್ತು?

ಜುಲೈ ತಿಂಗಳ ಒಂದು ಗುರುವಾರ ರಾತ್ರಿ, ಆಫೀಸಿನ ಕಾಲ್ ಮಧ್ಯೆ ಅಪ್ಪಯ್ಯನ ಫೋನ್. "ಇಂಜಿನ್ ಎಳಿತಿಲ್ಲೆ ಮಗಾ. ಪಿಸ್ಟನ್ ಹೋಯ್ತ್ ಕಾಣತ್ತ್." ಹೋದ ವರ್ಷವೂ ಮಳೆಗಾಲದಲ್ಲಿ ಇದೇ ಮಾತು ಹೇಳಿದ್ದರು. ಆಗ ಹೊಸ ಪಿಸ್ಟನ್ ಹಾಕಿಸೋಕೆ ದುಡ್ಡು ಕಳಿಸಿದ್ದು ನಾನೇ. ಒಂದೇ ವರ್ಷಕ್ಕೆ ಮತ್ತೆ?

ನಮ್ಮೂರು ಗಂಗೊಳ್ಳಿ ಹತ್ತಿರ. ಮನೆಯಲ್ಲಿರುವುದು ನಾಡದೋಣಿ, ಅದರ ಹಿಂದೆ 9.9 ಎಚ್‌ಪಿಯ ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜಾತಿಯದ್ದು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಕಡಲು ಬಂದ್. 10 ಎಚ್‌ಪಿ ಒಳಗಿನ ಎಂಜಿನ್ ಇರುವ ನಾಡದೋಣಿ ಹೋಗಬಹುದು. ಹಾಗಾಗಿ ನಾಲ್ಕು ಕಾಸು ನೋಡುವ ಸಮಯವೇ ಅದು. ಕಾಸಿನ ಮಾತು ಬಿಡಿ, ಮಳೆಗಾಲದಲ್ಲಿ ಅಳಿವೆ ಬಾಯಲ್ಲಿ ಅಲೆ ಏಳುವಾಗ ಎಂಜಿನ್ ನಿಂತರೆ ಏನಾಗುತ್ತೆ ಅಂತ ಕಡಲ ಬದಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶುಕ್ರವಾರ ರಾತ್ರಿ ಬಸ್ ಹತ್ತಿದೆ. ಬ್ಯಾಗಲ್ಲಿ ಲ್ಯಾಪ್‌ಟಾಪ್ ಜೊತೆ ಒಂದು ಕಂಪ್ರೆಷನ್ ಗೇಜ್.

ಮಾವ ಆಗಲೇ ಎಂಜಿನ್ ತಂದು ಅಂಗಳದಲ್ಲಿ ಕಟ್ಟಿದ್ದರು. ಇಪ್ಪತ್ತು ವರ್ಷ ಬೈಕ್ ಗ್ಯಾರೇಜ್ ನಡೆಸಿದ ಕೈ ಅವರದ್ದು. "ಬಿಚ್ಚುವ ಮೊದಲು ಕೇಳು" ಅಂದರು. ಹಗ್ಗ ನಿಧಾನಕ್ಕೆ ಎಳೆದು ನೋಡಿದೆ. ಒಂದು ಸಲ ಗಟ್ಟಿ, ಇನ್ನೊಂದು ಸಲ ಸಲೀಸು. ಎರಡು ಸಿಲಿಂಡರ್‌ನಲ್ಲಿ ಒಂದು ಸೋತಿದೆ ಅಂತ ಕೈಗೇ ಗೊತ್ತಾಯ್ತು.

ಎರಡೂ ಪ್ಲಗ್ ಬಿಚ್ಚಿ, ಪ್ಲಗ್ ವೈರ್‌ಗಳನ್ನು ಎಂಜಿನ್ ಲೋಹಕ್ಕೆ ತಾಗಿಸಿ ಇಟ್ಟು (ಇಲ್ಲದಿದ್ದರೆ ಇಗ್ನಿಷನ್ ಸುಡಬಹುದು), ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಎಳೆದೆ. ಕೆಳಗಿನದು 90 ಪಿಎಸ್‌ಐ, ಮೇಲಿನದು 55. ಇಲ್ಲಿ 90 ಕಮ್ಮಿ ಆಯ್ತಾ ಅಂತ ಗಾಬರಿ ಬೇಡ. ಸೀಮೆಎಣ್ಣೆ ಎಂಜಿನ್‌ಗೆ ಕಂಪ್ರೆಷನ್ ಮೊದಲೇ ಕಮ್ಮಿ ಇಟ್ಟಿರುತ್ತಾರೆ. ನೋಡಬೇಕಾದ್ದು ಎರಡರ ನಡುವಿನ ಅಂತರ. ಅದು ಶೇ. 10-15 ದಾಟಿದರೆ ಅನುಮಾನ ಶುರು.

ಅನುಮಾನ ಅಷ್ಟೇ, ತೀರ್ಪಲ್ಲ. ಸೀಮೆಎಣ್ಣೆ ಮಸಿ ಕಟ್ಟಿ ರಿಂಗ್ ಅಂಟಿಕೊಂಡರೂ ಗೇಜ್ ಹೀಗೇ ತೋರಿಸುತ್ತೆ. ಹೆಡ್ ಗ್ಯಾಸ್ಕೆಟ್ ಸೋರಿದರೂ ಹೀಗೇ. ಬೈಕ್‌ನಲ್ಲಿ ಮಾಡುವ ಹಾಗೆ ಒಂದು ಚಮಚ ಆಯಿಲ್ ಬಿಟ್ಟು ನೋಡೋಣ ಅಂದೆ. ಮಾವ ನಕ್ಕರು. ಔಟ್‌ಬೋರ್ಡ್‌ನಲ್ಲಿ ಸಿಲಿಂಡರ್ ಅಡ್ಡ ಮಲಗಿರುತ್ತೆ, ಆಯಿಲ್ ಎಲ್ಲಾ ಒಂದು ಬದಿಗೇ ಇಳಿದು ಕೂರುತ್ತೆ, ಅದನ್ನು ನಂಬೋಕಾಗಲ್ಲ. ನನ್ನ ಇಂಜಿನಿಯರಿಂಗ್ ಡಿಗ್ರಿ ಅಲ್ಲಿಗೆ ಮುಗೀತು.

ಮೇಲಿನ ಪ್ಲಗ್‌ನ ತುದಿಗೆ ಟಾರ್ಚ್ ಹಿಡಿದಾಗ ಬೆಳ್ಳಿ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ ಮಿಂಚಿದವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಇನ್ನು ಹೆಡ್ ಬಿಚ್ಚದೆ ದಾರಿ ಇಲ್ಲ. ಉಪ್ಪು ಹಿಡಿದ ಬೋಲ್ಟ್ ಮುರಿಯದ ಹಾಗೆ ಬಿಚ್ಚೋಕೇ ಅರ್ಧ ದಿನ ಹೋಯ್ತು.

ಆಮೇಲೆ ಮಾವ ಮಾಡಿದ ಕೆಲಸ ನನಗೆ ಬಹಳ ಇಷ್ಟವಾಯ್ತು. ಪಿಸ್ಟನ್ ಹೊರತೆಗೆದು, ಒರೆಸಿ, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ಓದಿದರು. ನಾವು ಕ್ರ್ಯಾಶ್ ಲಾಗ್ ಓದೋ ಹಾಗೆ. ಸೈಲೆನ್ಸರ್ ಬದಿಯಲ್ಲಿ ಮಾತ್ರ ಗೀರಿದ್ದರೆ ಪೆಟ್ರೋಲ್ ಸಾಲದೆ, ಕಾರ್ಬ್ಯುರೇಟರ್ ಕಟ್ಟಿಕೊಂಡು ಬಿಸಿಯಾಗಿರಬಹುದು. ಸುತ್ತಲೂ ಉಜ್ಜಿದ್ದರೆ ಆಯಿಲ್ ಹಾಕೋಕೆ ಮರೆತಿದ್ದಾರೆ. ತಲೆಯ ಮೇಲೆ ತೂತು, ಅಂಚಲ್ಲಿ ಇಲಿ ಕಚ್ಚಿದ ಹಾಗೆ ಇದ್ದರೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ಉರಿದಿದೆ. ನಮ್ಮದರಲ್ಲಿ ನಾಲ್ಕು ಮೂಲೆಗೆ ನಾಲ್ಕು ಗೀರು, ಅಳತೆ ಮಾಡಿ ಎಳೆದ ಹಾಗೆ. ಪಿಸ್ಟನ್ ಉಬ್ಬಿದೆ, ಸಿಲಿಂಡರ್ ಜಾಗ ಕೊಟ್ಟಿಲ್ಲ. "ನೀರು ಬರ್ತಾ ಇರಲಿಲ್ಲ ಅಲ್ವಾ ಭಾವ?" ಅಂದರು.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಂಜಿನ್ ಓಡುವಾಗ ಹಿಂದೆ ಸಣ್ಣ ತೂತಿಂದ ನೀರು ಚಿಮ್ಮುತ್ತಿರಬೇಕು, ತಂಪು ಮಾಡುವ ನೀರು ತಿರುಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಅದು ಹೋದ ವರ್ಷದಿಂದಲೇ ಸಣ್ಣ ಆಗಿತ್ತಂತೆ. ತಂತಿ ಹಾಕಿ ಚುಚ್ಚಿದರೆ ಎರಡು ದಿನ ಸರಿ ಬರುತ್ತಿತ್ತಂತೆ.

ಕೆಳಗಿನ ಗೇರ್ ಭಾಗ ಇಳಿಸಿ ವಾಟರ್ ಪಂಪ್ ತೆಗೆದರೆ, ಒಳಗಿನ ರಬ್ಬರ್ ಚಕ್ರದ ಎರಡು ಎಸಳೇ ಇಲ್ಲ. ಉಳಿದವು ಸವೆದು ಮೊಂಡಾಗಿವೆ. ಅಳಿವೆಯಲ್ಲಿ ನೀರು ಕಮ್ಮಿ ಇರುವ ಕಡೆ ಪ್ರೊಪೆಲ್ಲರ್ ಎಬ್ಬಿಸುವ ಮರಳು ಈ ರಬ್ಬರನ್ನು ತಿನ್ನುತ್ತೆ. ಮುರಿದ ಎಸಳಿನ ಒಂದು ತುಂಡು ಮೇಲೆ ಹೋಗಿ ನೀರಿನ ದಾರಿಗೇ ಅಡ್ಡ ಕೂತಿತ್ತು. ಹೋದ ವರ್ಷ ಪಿಸ್ಟನ್ ಹಾಕಿದವರು ಪಂಪ್ ಮುಟ್ಟಿಯೇ ಇರಲಿಲ್ಲ. ಹಳೇ ಪಿಸ್ಟನ್ ಸುಟ್ಟ ಬಿಸಿಯಲ್ಲೇ ಹೊಸದನ್ನೂ ಸುಟ್ಟರು. ಅವರನ್ನು ಬೈದು ಏನು, ದುಡ್ಡು ಕಳಿಸುವಾಗ ನಾನೂ ಯಾಕೆ ಅಂತ ಕೇಳಿರಲಿಲ್ಲ.

ಸಿಲಿಂಡರ್ ಗೋಡೆಗೆ ಅಂಟಿದ್ದ ಅಲ್ಯೂಮಿನಿಯಂ ಕಿತ್ತ ಮೇಲೆ ಮಾವ ಉಗುರು ಎಳೆದು ನೋಡಿದರು. ಉಗುರು ಸಿಕ್ಕಿಕೊಂಡಿತು. ಸಿಕ್ಕದಿದ್ದರೆ ಹೋನಿಂಗ್ ಸಾಕಿತ್ತು, ಈಗ ಬೋರ್ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಲೇಬೇಕು. ಜೊತೆಗೆ ಪಂಪ್ ಕಿಟ್, ಹೊಸ ಗ್ಯಾಸ್ಕೆಟ್. ಬೈಕಿನ 2ಟಿ ಆಯಿಲ್ ಬದಲು ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರುವ ಆಯಿಲ್ಲೇ ಹಾಕಿ ಅಂತ ಅಪ್ಪಯ್ಯನಿಗೆ ಹೇಳಿದೆ. ನೀರಿಂದ ತಂಪಾಗುವ ಎಂಜಿನ್‌ಗೆಂದೇ ಮಾಡಿದ್ದು, ಬೂದಿ ಕಟ್ಟಲ್ಲ. "ಅದಕ್ಕೆ ರೇಟ್ ಜಾಸ್ತಿ" ಅಂದರು. ಪಿಸ್ಟನ್ ರೇಟ್ ಎಷ್ಟು ಅಂತ ನಾನು ಕೇಳಲಿಲ್ಲ.

ಹನ್ನೊಂದು ದಿನ ದೋಣಿ ದಡದಲ್ಲೇ ಇತ್ತು. ಹನ್ನೆರಡನೇ ದಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡುವೆ ಅಪ್ಪಯ್ಯನ ವಾಟ್ಸಾಪ್ ವೀಡಿಯೊ ಬಂತು, ಒಂದೂವರೆ ನಿಮಿಷದ್ದು. ಮುಖ ಇಲ್ಲ, ಮಾತಿಲ್ಲ. ಬರೀ ಎಂಜಿನ್ ಹಿಂದಿಂದ ಹೆಬ್ಬೆರಳು ದಪ್ಪಕ್ಕೆ ಚಿಮ್ಮುತ್ತಿರುವ ನೀರು.