ಕುಕ್ಕೆಯೂ ಪೀಠವೂ

ನಮ್ಮ ತುಳುನಾಡಿನ ಮನೆಗಳಲ್ಲಿ ಕೊರಗರು ಹೆಣೆದ ಕುಕ್ಕೆಗೆ ಉಗ್ರಾಣದವರೆಗೂ ಪ್ರವೇಶವಿತ್ತು; ಹೆಣೆದವನು ಅಂಗಳದಾಚೆ ನಿಲ್ಲಬೇಕಾಗಿತ್ತು. ಕೌಶಲವನ್ನು ಸ್ವೀಕರಿಸಿ ಕುಶಲಕರ್ಮಿಯನ್ನು ದೂರವಿರಿಸಿದ ಇಂಥ ಅನ್ಯಾಯವನ್ನು ಮಂಗಳೂರಿನಲ್ಲಿ ಎದುರಿಸಿದವರೊಳಗೆ ಕುದ್ಮುಲ್ ರಂಗರಾಯರು (೧೮೫೯–೧೯೨೮) ಅಗ್ರಗಣ್ಯರು.

ವಕೀಲರಾದ ಅವರು ೧೮೯೭ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಶನ್’ ಸ್ಥಾಪಿಸಿ, ಸ್ವಜಾತೀಯರ ಬಹಿಷ್ಕಾರವನ್ನು ಸಹಿಸಿ, ದಲಿತರ ಮಕ್ಕಳಿಗೆ ಅಕ್ಷರದೊಡನೆ ನೇಯ್ಗೆ ಮೊದಲಾದ ಕಸಬುಗಳನ್ನೂ ಕಲಿಸಿದರು. ಅಲ್ಲಿಗೇ ತೃಪ್ತರಾಗದೆ, ಆಡಳಿತ ಸಭೆಗಳಲ್ಲಿ ದಲಿತರಿಗೆ ಸ್ಥಾನವಿರಬೇಕೆಂದು ಶ್ರಮಿಸಿದರು. ಕಸಬೂ ಪೀಠವೂ ಜೊತೆಗೂಡಬೇಕೆಂಬುದು ಇದರಿಂದ ನಾವು ಗ್ರಹಿಸಬೇಕಾದ ತಾತ್ಪರ್ಯ.

ಈಗ ನಮ್ಮ ರಾಜ್ಯದಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ಕರಕುಶಲ ಅಭಿವೃದ್ಧಿ ನಿಗಮವುಂಟು. ೧೯೭೬ರಲ್ಲಿ ಚರ್ಮಕೈಗಾರಿಕೆಗೆಂದು ಹುಟ್ಟಿದ ನಿಗಮವೂ ಉಂಟು. ದಲಿತರ ಹಕ್ಕಿಗಾಗಿ ಹೋರಾಡಿದವರು ಇಂಥ ನಿಗಮದ ಅಧ್ಯಕ್ಷಪೀಠವನ್ನೇರಿದರೆ, ಹೋರಾಟವನ್ನು ಪದವಿಗೆ ಮಾರಿದರೆಂದು ಮೂದಲಿಸುವವರುಂಟು. ಈ ಮಾತು ಸಾಧುವಲ್ಲ. ಬೀದಿಯಲ್ಲಿ ಕೇಳಿದ ನ್ಯಾಯವನ್ನು ಲೆಕ್ಕದ ಪುಸ್ತಕಕ್ಕೆ ಇಳಿಸುವ ಅವಕಾಶವು ಅಲ್ಲಿಯೇ ಇದೆ. ಕಚ್ಚಾಮಾಲು ಯಾವ ದರಕ್ಕೆ ದೊರೆಯಬೇಕು, ಕೆಲಸಗಾರನಿಗೆ ಎಷ್ಟು ಸಲ್ಲಬೇಕು, ಎಷ್ಟು ದಿನದೊಳಗೆ ಸಲ್ಲಬೇಕು ಎಂಬ ಪ್ರಶ್ನೆಗಳನ್ನು ಪೀಠದಲ್ಲಿ ಕುಳಿತವನು ಕೇಳಬಲ್ಲನು. ಕೇಳದವನಿಗೆ ಮಾತ್ರ ಪೀಠವು ಬರಿಯ ಅಲಂಕಾರ.

ಗೃಹಸ್ಥರಾದ ನಮ್ಮ ಪಾಲೂ ಇದರಲ್ಲುಂಟು. ಕೊರಗರನ್ನು ಹೀನವಾಗಿ ನಡೆಯಿಸುತ್ತಿದ್ದ ಅಜಲು ಪದ್ಧತಿಯನ್ನು ೨೦೦೦ದ ಶಾಸನವು ನಿಷೇಧಿಸಿತು. ಕುಕ್ಕೆಯ ಬೆಲೆಯಲ್ಲಿ ಚೌಕಾಸಿ ಮಾಡಬಾರದೆಂದು ಯಾವ ಶಾಸನವೂ ಹೇಳದು. ಆ ನಿಯಮವನ್ನು ನಾವೇ ವಿಧಿಸಿಕೊಳ್ಳಬೇಕು. ಹೆಣೆದವರನ್ನು ಒಳಗೆ ಕರೆದು, ಕುಳ್ಳಿರಿಸಿ, ಬೆಲೆ ಕೊಡೋಣ.