ವ್ಯಾಟ್ ನೋಡಿ ಮರುಳಾಗಬೇಡಿ, ಫ್ಯೂಸ್ ನೋಡಿ ಆಂಪ್ ಕೊಳ್ಳಿ

ನನ್ನ ಸೋದರಮಾವನ ಮಗ ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡು ಬಾಡಿಗೆ ಓಡಿಸುತ್ತಾನೆ. ಮದುವೆ ಹಂಗಾಮಿನಲ್ಲಿ ಮದುಮಕ್ಕಳ ಗಾಡಿ. ಉಳಿದ ದಿನ ದವಾಖಾನೆ, ಸವದತ್ತಿ ಗುಡ್ಡ, ಕೊಲ್ಹಾಪುರ. ಹೋದ ವರ್ಷ ಕಾರಿನ ನಾಲ್ಕೂ ಬಾಗಿಲಿಗೆ ಹೊಸ ಸ್ಪೀಕರ್ ಹಾಕಿಸಿ, ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್ ಕೂಡಿಸಿದ. ಎಲ್ಲಾ ಸೇರಿ 13,500 ರೂಪಾಯಿ. ಅದರಲ್ಲಿ ಅರ್ಧ ಸಾಲ. ಒಂಬತ್ತನೇ ದಿನ ಒಂದು ಮದುವೆ ಬಾಡಿಗೆಯಲ್ಲಿ ಮುಂದಿನ ಎರಡೂ ಸ್ಪೀಕರ್ ಸುಟ್ಟು ಹೋದವು.

ಅಂಗಡಿಗೆ ಹೋಗಿ ಕೇಳಿದರೆ, "ತಮ್ಮಾ, ನಿನ್ನ ಆಂಪ್ ಎರಡು ಸಾವಿರ ವ್ಯಾಟಿಂದು ಐತಿ. ಈ ಸ್ಪೀಕರ್ ಅದಕ್ಕ ತಡಿಯೂದಿಲ್ಲ. ದೊಡ್ಡವು ಹಾಕ್ಸು" ಅಂದರಂತೆ. ಅವನು ಸೀದಾ ನನ್ನ ಹತ್ತಿರ ಬಂದ. "ಅಣ್ಣಾ, ಒಂದ್ ನಾಕ್ ಸಾವಿರ ಇದ್ರ ಕೊಡೋ. ಶನಿವಾರ ಬಾಡಿಗಿ ಐತಿ, ಹಾಡ ಇಲ್ಲಂದ್ರ ಬ್ಯಾರೆ ಗಾಡಿ ಹಿಡಿತಾರ."

ನಾಲ್ಕು ಸಾವಿರ ಕೊಡುವಂಥ ಸಂಬಳ ಜಿಲ್ಲಾ ಸ್ಟ್ರಿಂಗರ್‌ಗೆ ಎಲ್ಲಿಂದ ಬರಬೇಕು! ಆದರೆ ಡಿಪ್ಲೊಮಾಕ್ಕೆ ಸೇರುವ ಮೊದಲು ಎರಡು ವರ್ಷ ನಾನು ರೇಡಿಯೋ, ಟೇಪ್ ರಿಪೇರಿ ಅಂಗಡಿಯಲ್ಲಿ ಕೂತವನು. ದುಡ್ಡಿನ ಬದಲು ಟೆಸ್ಟರ್, ಮಲ್ಟಿಮೀಟರ್ ತಗೊಂಡು ಕಾರಿನ ಹತ್ತಿರ ಹೋದೆ.

ಆಂಪಿನ ಮೈಮೇಲೆ ದಪ್ಪ ಅಕ್ಷರದಲ್ಲಿ 2000 ವ್ಯಾಟ್. ಬದಿಗೆ ವೈರ್ ಸೇರುವ ಜಾಗದಲ್ಲಿ ಒಂದೇ ಒಂದು ಫ್ಯೂಸ್. ಅದರ ಮೇಲೆ 30 ಅಂತ ಬರೆದಿತ್ತು. ಅಂದರೆ 30 ಆಂಪಿಯರ್. ನನಗೆ ಅಲ್ಲೇ ನಗು ಬಂತು, ಸಿಟ್ಟೂ ಬಂತು.

ಲೆಕ್ಕ ಹೈಸ್ಕೂಲಿನದೇ. ವೋಲ್ಟು ಗುಣಿಸು ಆಂಪಿಯರ್ ಅಂದರೆ ವ್ಯಾಟ್. ಎಂಜಿನ್ ಚಾಲೂ ಇದ್ದಾಗ ಕಾರಿನಲ್ಲಿ ಸುಮಾರು 13.8 ವೋಲ್ಟ್ ಇರುತ್ತದೆ. 30 ಆಂಪಿಯರ್‌ಗೆ ಗುಣಿಸಿದರೆ 414 ವ್ಯಾಟ್. ಆ ಫ್ಯೂಸ್ ಒಂದೇ ಸಮನೆ ಒಳಗೆ ಬಿಡುವ ಕರೆಂಟು ಇಷ್ಟೇ. ಒಳಗೆ ಹೋದದ್ದೆಲ್ಲ ಸದ್ದಾಗಿ ಹೊರಗೆ ಬರುವುದೂ ಇಲ್ಲ. ಎಬಿ ಕ್ಲಾಸ್ ಅನ್ನುವ ಮಾಮೂಲಿ ಆಂಪಿನಲ್ಲಿ ಸುಮಾರು ಅರ್ಧ ಬಿಸಿಯಾಗಿಯೇ ಹೋಗುತ್ತದೆ, ಅದಕ್ಕೇ ಅದರ ಮೈ ಸುಡುವುದು. ಡಿ ಕ್ಲಾಸ್ ಆದರೆ ನೂರಕ್ಕೆ ಎಂಬತ್ತರಷ್ಟು ಹೊರಗೆ ಬರಬಹುದು. ಇವನದು ಎಬಿ. ಹಾಗಾಗಿ ಎರಡು ಸಾವಿರ ವ್ಯಾಟಿನ ಆ ಡಬ್ಬಿಯ ಯೋಗ್ಯತೆ ಹೆಚ್ಚೆಂದರೆ 200 ವ್ಯಾಟ್. ನಾಲ್ಕು ಚಾನೆಲ್‌ಗೆ ಹಂಚಿದರೆ ಒಂದಕ್ಕೆ 50.

ಒಂದು ಮಾತು ನೆನಪಿಡಿ. ಫ್ಯೂಸ್ ದೊಡ್ಡದಿದ್ದ ಮಾತ್ರಕ್ಕೆ ಆಂಪ್ ದೊಡ್ಡದು ಅಂತ ಅಲ್ಲ, ಕಳ್ಳ ಕಂಪನಿಯವನು ಫ್ಯೂಸನ್ನೂ ದೊಡ್ಡದೇ ಹಾಕಿರಬಹುದು. ಆದರೆ ಸಣ್ಣ ಫ್ಯೂಸ್ ಇರುವ ಆಂಪು ದೊಡ್ಡ ಶಕ್ತಿ ಕೊಡುವುದು ಮಾತ್ರ ಸಾಧ್ಯವೇ ಇಲ್ಲ. ಅಂಗಡಿಯಲ್ಲಿ ನಿಂತಲ್ಲೇ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ನೋಡಬಹುದಾದ ಲೆಕ್ಕ ಇದು.

ಇನ್ನು ಸ್ಪೀಕರ್. ಡಬ್ಬಿಯ ಮೇಲೆ 350 ವ್ಯಾಟ್ ಅಂತ ಬೆಂಕಿ ಚಿತ್ರದ ಜೊತೆ ಬರೆದಿದ್ದರು. ಹಿಂದೆ ಇರುವೆಯಂಥ ಅಕ್ಷರದಲ್ಲಿ 45 ವ್ಯಾಟ್ ಆರ್‌ಎಂಎಸ್, 4 ಓಮ್. ಈ ಆರ್‌ಎಂಎಸ್ ಅನ್ನೋದೇ ದಿನಗೂಲಿ ಇದ್ದಂಗೆ, ದಿನಾ ಎಷ್ಟು ಹೊತ್ತು ದುಡಿದರೂ ತಡೆದುಕೊಳ್ಳುವ ಭಾರ. ಮ್ಯಾಕ್ಸ್, ಪೀಕ್, ಪಿಎಂಪಿಒ ಅಂತ ಬರೆಯುವುದೆಲ್ಲ ಒಂದು ಕ್ಷಣ ಚೀಲ ಎತ್ತಿ ಕೆಳಗಿಟ್ಟವನ ಜಂಭ. ಪಿಎಂಪಿಒ ಅಂತೂ ಬಾಯಿಗೆ ಬಂದ ಸಂಖ್ಯೆ.

ಆಂಪ್ ನಿಜವಾಗಿ 50, ಸ್ಪೀಕರ್ ನಿಜವಾಗಿ 45. ಅಂದರೆ ಜೋಡಿ ಬಹುತೇಕ ಸರಿಯಾಗಿಯೇ ಕೂಡಿತ್ತು! ಸ್ಪೀಕರಿನ ಆರ್‌ಎಂಎಸ್ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಆರ್‌ಎಂಎಸ್ ಕೊಡುವ ಆಂಪ್ ಇದ್ದರೆ ಸಾಕು, ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ. ಹಾಗಾದರೆ ಸುಟ್ಟದ್ದು ಯಾಕೆ?

"ಗೇನ್ ಎಲ್ಲಿಗೆ ಇಟ್ಟಿದ್ದಿ?" ಅಂತ ಕೇಳಿದೆ.

"ಫುಲ್ ಇಟ್ಟೇನಿ ಅಣ್ಣಾ. ಎರಡು ಸಾವಿರ ವ್ಯಾಟ್ ಅಂತಾರ, ಅಷ್ಟ ಸೌಂಡ ಬರವಲ್ದಾಗಿತ್ತು. ಬಾಸ್ ಬೂಸ್ಟೂ ಫುಲ್ ಮಾಡಿದೆ."

ನಿಜವಾಗಿ ಸ್ಪೀಕರ್ ಸುಟ್ಟದ್ದು ಈ ಮಾತಿನಲ್ಲಿದೆ. ಡಬ್ಬಿಯ ಮೇಲಿನ ಸುಳ್ಳು ನಂಬಿ, ಆ ಸುಳ್ಳಿನಷ್ಟು ಸದ್ದು ಬರಲಿ ಅಂತ ತಿರುವುತ್ತಾ ಹೋದ. ಗೇನ್ ಅನ್ನುವ ಗುಂಡಿ ವಾಲ್ಯೂಮ್ ಅಲ್ಲ. ಆಂಪಿನ ಮಿತಿ ಮುಗಿದ ಮೇಲೂ ಅದನ್ನು ತಿರುವಿದರೆ ಹಾಡಿನ ಅಲೆಯ ತಲೆ, ಬುಡ ಕತ್ತರಿಸಿ ಹೋಗುತ್ತದೆ. ದುಂಡಗಿದ್ದ ಅಲೆ ಹೊಲದ ಬದುವಿನಂತೆ ಚಪ್ಪಟೆ ಆಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಆಗ 50 ವ್ಯಾಟಿನ ಆಂಪೇ ತನ್ನ ಲೆಕ್ಕ ಮೀರಿ ಕರೆಂಟು ತಳ್ಳುತ್ತದೆ, ಸ್ಪೀಕರಿನ ಕಾಯಿಲ್‌ಗೆ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ಮೊದಲು ಸಾಯುವುದು ನಡುವೆ ಇರುವ ಸಣ್ಣ ಟ್ವೀಟರ್, ಆಮೇಲೆ ದೊಡ್ಡ ಕಾಯಿಲ್. "ಸಣ್ಣ ಆಂಪ್ ಹಾಕಿದರೆ ಸ್ಪೀಕರ್ ಸುಡುತ್ತದೆ" ಅಂತ ಹಲವರು ಹೇಳುತ್ತಾರಲ್ಲ, ಅದು ಅರ್ಧ ನಿಜ. ಸಣ್ಣ ಆಂಪು ಸುಮ್ಮನೆ ಹಾಡಿದರೆ ಯಾವ ಸ್ಪೀಕರೂ ಸುಡುವುದಿಲ್ಲ. ಅದನ್ನು ಹಿಂಡಿದರೆ ಸುಡುತ್ತದೆ.

ಅಂಗಡಿಯವರ ಮಾತು ಕೇಳಿ ದೊಡ್ಡ ಸ್ಪೀಕರ್ ಹಾಕಿಸಿದ್ದರೆ ಏನಾಗುತ್ತಿತ್ತು? ಸದ್ದು ಇನ್ನೂ ಕಡಿಮೆ ಅನಿಸಿ, "ಆಂಪ್ ಸಾಲವಲ್ದು" ಅಂತ ಮತ್ತೊಂದು ಆಂಪು. ನಮ್ಮ ಹುಡುಗರ ದುಡ್ಡು ಹೀಗೇ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. ನನ್ನ ಪ್ರಕಾರ ಇದು ಅಂಗಡಿಯವನೊಬ್ಬನ ತಪ್ಪಲ್ಲ, ಅವನೂ ಡಬ್ಬಿಯನ್ನೇ ಓದಿ ಹೇಳುತ್ತಾನೆ. ಒಳ್ಳೆಯ ಕಂಪನಿಗಳು ಅಮೆರಿಕದ ಸಿಇಎ-2006 ಅನ್ನುವ ನಿಯಮದಂತೆ ಅಳೆದು ಬರೆಯುತ್ತವೆ: 14.4 ವೋಲ್ಟಿನಲ್ಲಿ, 4 ಓಮ್ ಸ್ಪೀಕರಿಗೆ, ಸದ್ದು ಕೆಡುವುದು ನೂರಕ್ಕೆ ಒಂದರೊಳಗೆ ಇದ್ದಾಗ ಎಷ್ಟು ಆರ್‌ಎಂಎಸ್ ಅಂತ. ಡಬ್ಬಿಯ ಮೇಲೆ ಆ ಗುರುತು ಇದ್ದರೆ ನಂಬಿ. ನಮ್ಮಲ್ಲೂ ಇಂಥ ಅಳತೆ ಬರೆಯದೆ ಮಾರಬಾರದು ಅಂತ ಕಡ್ಡಾಯ ಆಗಬೇಕು. ಬೀಜ, ಗೊಬ್ಬರದ ಚೀಲದ ಮೇಲೆ ಏನಿದೆ ಅಂತ ಬರೆಯಬೇಕಾದರೆ ಇದಕ್ಕೆ ಯಾಕೆ ಬೇಡ?

ಓಮ್ ವಿಷಯದಲ್ಲಿ ಇನ್ನೊಂದು ಅನಾಹುತ ಆಗುತ್ತದೆ. ಕಾರಿನ ಸ್ಪೀಕರ್ ಸಾಮಾನ್ಯವಾಗಿ 4 ಓಮ್. ಒಂದೇ ಚಾನೆಲ್‌ಗೆ ಎರಡು ಸ್ಪೀಕರನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ 2 ಓಮ್ ಆಗುತ್ತದೆ, ನಾಲ್ಕು ಸೇರಿಸಿದರೆ 1. ಓಮ್ ಇಳಿದಷ್ಟೂ ಆಂಪಿನ ಮೇಲೆ ಭಾರ ಜಾಸ್ತಿ. ಎರಡು ಚಾನೆಲ್ ಕೂಡಿಸಿ ಬಾಸ್ ಟ್ಯೂಬ್‌ಗೆ ಕೊಡುವುದಾದರೆ, ಬ್ರಿಡ್ಜ್ ಅಂತಾರಲ್ಲ, ಹೆಚ್ಚಿನ ಆಂಪುಗಳು 4 ಓಮ್‌ಗಿಂತ ಕೆಳಗೆ ತಡೆಯುವುದಿಲ್ಲ. ಆಂಪಿನ ಮೇಲೆ ಬರೆದ ಓಮ್‌ಗಿಂತ ಕೆಳಗೆ ಹೋಗಬೇಡಿ, ಅಷ್ಟೇ. ಮಲ್ಟಿಮೀಟರ್ ಇಟ್ಟು ನೋಡಿದರೆ 4 ಓಮ್ ಸ್ಪೀಕರ್ ಮೂರೂವರೆ ಆಸುಪಾಸು ತೋರಿಸುತ್ತದೆ, ಕೆಟ್ಟಿದೆ ಅಂತ ಗಾಬರಿ ಆಗಬೇಡಿ. ನಮ್ಮ ಕಾರಿನ ಸುಟ್ಟ ಎರಡೂ ಏನೂ ತೋರಿಸಲಿಲ್ಲ.

ಬಾನೆಟ್ ಎತ್ತಿದಾಗ ಕಂಡದ್ದು ಸ್ಪೀಕರ್ ಸುಟ್ಟದ್ದಕ್ಕಿಂತ ಭಯದ್ದು. ಬ್ಯಾಟರಿಯಿಂದ ಆಂಪಿಗೆ ಎಳೆದ ವೈರಿಗೆ ಬ್ಯಾಟರಿ ಹತ್ತಿರ ಫ್ಯೂಸೇ ಇರಲಿಲ್ಲ. ತಗಡಿಗೆ ತೂತು ಹೊಡೆದು ಹಾಗೇ ತೂರಿಸಿದ್ದರು, ರಬ್ಬರ್ ಬುಷ್ ಇಲ್ಲ. ತಗಡಿನ ಅಂಚು ವೈರಿನ ಮೇಲ್ಪದರವನ್ನು ಅರ್ಧ ಕೊರೆದಿತ್ತು. ಇನ್ನೊಂದು ತಿಂಗಳು ಹೋಗಿದ್ದರೆ ವೈರು ಬಾಡಿಗೆ ತಾಗಿ, ಬ್ಯಾಟರಿಯ ಇಡೀ ಕರೆಂಟು ಅಲ್ಲೇ ಹರಿದು, ಹೊತ್ತಿಕೊಳ್ಳುತ್ತಿತ್ತು. ಆಂಪಿನಲ್ಲಿರುವ ಫ್ಯೂಸ್ ಆಂಪನ್ನು ಕಾಯುತ್ತದೆಯೇ ಹೊರತು ಈ ವೈರನ್ನು ಕಾಯುವುದಿಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಪ್ರತ್ಯೇಕ ಫ್ಯೂಸ್ ಇರಲೇಬೇಕು. ಇದನ್ನು ಹಾಕಿಸದೆ ಗಾಡಿ ಅಂಗಡಿಯಿಂದ ಹೊರಗೆ ತರಬೇಡಿ, ಮನೆಯವರು ಕೂರುವ ಗಾಡಿ ಅದು.

ವೈರನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಇದು ಮಾಮೂಲು. ಇದು ತಾಮ್ರದಷ್ಟು ಕರೆಂಟು ಒಯ್ಯುವುದಿಲ್ಲ, ಅದೇ ದಪ್ಪದ ತಾಮ್ರಕ್ಕಿಂತ ಬೇಗ ಬಿಸಿ ಆಗುತ್ತದೆ. 30 ಆಂಪಿಯರ್ ಫ್ಯೂಸಿನ ಆಂಪಿಗೆ 8 ಗೇಜಿನ ಅಸಲಿ ತಾಮ್ರ ಸಾಕು, 60 ದಾಟಿದರೆ 4 ಗೇಜ್ ಬೇಕು. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ವೈರು ದಪ್ಪ.

ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗೆಳೆಯರಿಗೂ ಎರಡು ಮಾತು. ನಿಮ್ಮ ಟ್ರ್ಯಾಕ್ಟರ್ 12 ವೋಲ್ಟ್, ಕಾರಿನ ಆಂಪು ನಡೆಯುತ್ತದೆ. ದೊಡ್ಡ ಲಾರಿಗಳು 24 ವೋಲ್ಟ್. ಅಲ್ಲಿ ನೇರ ಕೊಟ್ಟರೆ ಆಂಪು ಸುಡುತ್ತದೆ. ಎರಡರಲ್ಲಿ ಒಂದೇ ಬ್ಯಾಟರಿಯಿಂದ ಕರೆಂಟು ತಗೊಂಡರೆ ಎರಡು ಬ್ಯಾಟರಿಯೂ ಬೇಗ ಹಾಳಾಗುತ್ತವೆ. ಆದರೆ ಟ್ರ್ಯಾಕ್ಟರಿಗೆ ಇಷ್ಟೊಂದು ಸೌಂಡು ಬೇಕಾ ಅನ್ನುವುದು ನನ್ನ ಪ್ರಶ್ನೆ. ರಾತ್ರಿ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೋಗುವವನಿಗೆ ಹಿಂದಿನ ಆಂಬುಲೆನ್ಸಿನ ಸೈರನ್ ಕೇಳಿಸದಿದ್ದರೆ ಅದು ಬರೀ ಹಾಡಿನ ವಿಷಯ ಅಲ್ಲ. ನಿದ್ದೆ ಬರಬಾರದು ಅಂತ ಹಚ್ಚುತ್ತೀರಿ, ಗೊತ್ತು. ಅದಕ್ಕೆ ತಲೆಯ ಹತ್ತಿರ ಎರಡು ಸ್ಪೀಕರ್ ಸಾಕು, ಮಡ್‌ಗಾರ್ಡ್ ಮೇಲೆ ಆರು ಯಾಕೆ?

ಆಂಪಿನ ವ್ಯಾಟ್ ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟು ಆಗುವುದಿಲ್ಲ. ಬರೀ 3 ಡೆಸಿಬಲ್ ಏರುತ್ತದೆ, ಕಿವಿಗೆ 'ಒಂಚೂರು ಜಾಸ್ತಿ ಆಯ್ತು' ಅನಿಸುವಷ್ಟು. ಆದರೆ ಅದೇ 3 ಡೆಸಿಬಲ್‌ಗೆ ಕಿವಿ ತಡೆಯುವ ಹೊತ್ತು ಅರ್ಧ ಆಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಶ್ ಹೇಳುವ ಪ್ರಕಾರ 85 ಡೆಸಿಬಲ್ ಆದರೆ ದಿನಕ್ಕೆ 8 ತಾಸು, 88 ಆದರೆ 4 ತಾಸು, 100 ಆದರೆ 15 ನಿಮಿಷ. ಬಾಗಿಲು ಮುಚ್ಚಿದ ಕಾರಿನಲ್ಲಿ 100 ಡೆಸಿಬಲ್ ಮುಟ್ಟುವುದಕ್ಕೆ ಈ 50 ವ್ಯಾಟೇ ಧಾರಾಳ. ಹೊರಗೂ ಕಾನೂನಿದೆ: 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ.

ಕಡೆಗೆ ನಾವು ಮಾಡಿದ್ದು ಇಷ್ಟು. ಮೊದಲಿನಷ್ಟೇ, 45 ಆರ್‌ಎಂಎಸ್ ಇರುವ ಒಂದು ಜೋಡಿ ಸ್ಪೀಕರ್, ತಾಮ್ರದ ವೈರು, ಬ್ಯಾಟರಿ ಹತ್ತಿರ ಫ್ಯೂಸ್, ತೂತಿಗೆ ರಬ್ಬರ್. ಎಲ್ಲಾ ಸೇರಿ 3,100 ರೂಪಾಯಿ. ಬಾಸ್ ಬೂಸ್ಟ್ ಸೊನ್ನೆ. ಬಾಗಿಲಿನ ಸ್ಪೀಕರಿಗೆ 80 ಹರ್ಟ್ಸ್‌ಗಿಂತ ಕೆಳಗಿನ ಬಾಸ್ ಹೋಗದಂತೆ ಎಚ್‌ಪಿಎಫ್ ಸ್ವಿಚ್ ಒತ್ತಿದೆ. ಆಮೇಲೆ ಗೇನ್ ಪೂರ್ತಿ ಕೆಳಗಿಟ್ಟು, ಸ್ಟೀರಿಯೋದ ವಾಲ್ಯೂಮ್ ಮುಕ್ಕಾಲು ಏರಿಸಿ, ಗೊತ್ತಿರುವ ಒಂದು ಹಾಡು ಹಚ್ಚಿ, ಗೇನನ್ನು ನಿಧಾನ ತಿರುವುತ್ತಾ ಹೋದೆ. ಹಾಡುವವರ ದನಿ ಒಡೆಯುವುದು ಕೇಳಿಸಿದ ಕೂಡಲೇ ಒಂದಿಷ್ಟು ಹಿಂದಕ್ಕೆ ತಂದು ನಿಲ್ಲಿಸಿದೆ. ಮಾವನ ಮಗ ಸ್ವಲ್ಪ ಹೊತ್ತು ಕೇಳಿ, "ಮೊದಲಿಗಿಂತ ಸೌಂಡ ಕಮ್ಮಿ ಐತಿ, ಆದ್ರ ಮಾತು ಸ್ವಚ್ಛ ಕೇಳಸ್ತಾವ" ಅಂದ. ಆ ಸ್ಪೀಕರುಗಳು ಇವತ್ತಿಗೂ ಹಾಡುತ್ತಿವೆ.

ಸುಟ್ಟ ಜೋಡಿಯ ದುಡ್ಡು ಮಾತ್ರ ಬರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವಸ್ತುವಿಗೆ ದೂರು ಶುಲ್ಕವೂ ಇಲ್ಲ ಅಂತ ಅವನಿಗೆ ಹೇಳಿದೆ. "ಬಿಲ್ ಎಲ್ಲೈತಿ?" ಅಂತ ಕೇಳಿದರೆ ಡ್ಯಾಶ್‌ಬೋರ್ಡಿನಿಂದ ಒಂದು ಬಿಳಿ ಚೀಟಿ ತೆಗೆದ. ಕಂಪನಿ ಇಲ್ಲ, ಮಾಡೆಲ್ ಇಲ್ಲ, ಆರ್‌ಎಂಎಸ್ ಇಲ್ಲ, ಅಂಗಡಿಯ ಮುದ್ರೆಯೂ ಇಲ್ಲ. "ಸೌಂಡ್ ಸಾಮಾನು, 13,500" ಅಂತ ಪೆನ್ನಿನಲ್ಲಿ ಬರೆದಿತ್ತು, ಅಷ್ಟೇ.