ನೆರಳಿಗೂ ನೀರು ಬೇಕು

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ 180 ಕಿಲೋಮೀಟರ್ ಮುಟ್ಟಿತ್ತು. ಊರಿನ ಮರಗಳು ಸಾಲುಸಾಲಾಗಿ ಉರುಳಿದವು. ಹಸಿರಾಗಿದ್ದ ಗುಡ್ಡಗಳು ಒಂದೇ ದಿನಕ್ಕೆ ಬೋಳಾಗಿ ಕಂದಿಹೋದವು.

ಉರುಳಿದ ಮರಗಳು ಸುದ್ದಿಯಾದವು. ಕಲಿಯಬೇಕಾದ್ದು ಮಾತ್ರ ಎಲೆ ಕಳೆದುಕೊಂಡೂ ನಿಂತ ಮರಗಳಿಂದ. ಬಿರುಗಾಳಿಯಲ್ಲಿ ಎಲೆಯೆಂದರೆ ಹಾಯಿ. ಅದು ಬಿಚ್ಚಿಕೊಂಡೇ ಇದ್ದರೆ ಮರ ಬುಡಮೇಲು. ಅಮೆರಿಕದ ಜೀವವಿಜ್ಞಾನಿ ಸ್ಟೀವನ್ ವೋಗೆಲ್ ಎಲೆಗಳಿಗೆ ಜೋರು ಗಾಳಿ ಹಾಯಿಸಿ ನೋಡಿದಾಗ, ಹಲವು ಅಗಲ ಎಲೆಗಳು ಕಡಲೆಕಾಯಿ ಪೊಟ್ಟಣದಂತೆ ಸುತ್ತಿಕೊಂಡು ಗಾಳಿಗೆ ದಾರಿ ಬಿಟ್ಟವು. ತೆಂಗಿನ ಗರಿ ಮೊದಲೇ ಸೀಳಿಕೊಂಡಿರುತ್ತದೆ. ಗಾಳಿಮರ ಇನ್ನೂ ಜಾಣ: ಎಲೆಯೆಂದು ಕಾಣುವ ಹಸಿರು ಕಡ್ಡಿಗಳೆಲ್ಲ ಅದರ ಕಿರುರೆಂಬೆಗಳು, ನಿಜವಾದ ಎಲೆ ಗಣ್ಣಿನ ಸುತ್ತ ಇರುವ ಸಣ್ಣ ಹುರುಪೆ ಅಷ್ಟೆ. ಇದ್ಯಾವುದೂ ಸಾಲದಾದಾಗ ಎಲೆ ಉದುರಿಹೋದರೂ ಬುಡ ಉಳಿಯುತ್ತದೆ. ಬುಡ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಹಾಗಾಗಿ ಬೋಳು ಮರವನ್ನು ಸತ್ತ ಮರವೆಂದು ಗರಗಸ ಹಿಡಿಯುವ ಆತುರ ತಪ್ಪು.

ಮರಳಿ ಹಸಿರು ತರುವಾಗಲೂ ಆತುರವೇ. ವಿಶಾಖಪಟ್ಟಣದಲ್ಲಿ ಹಾಲೆ ಮರವನ್ನು, ಅಂದರೆ ಸಪ್ತಪರ್ಣಿಯನ್ನು, ಹೇರಳವಾಗಿ ನೆಡಲಾಯಿತು. ಆಟಿ ಅಮಾವಾಸ್ಯೆಯ ಕಹಿ ಕಷಾಯ ಕುಡಿದ ಕರಾವಳಿಯವರಿಗೆ ಈ ಮರ ಗೊತ್ತು. ಆದರೆ ಸಾಲಿಗೆ ಸಾಲೇ ಒಟ್ಟಿಗೆ ಹೂಬಿಟ್ಟಾಗ ಆ ಘಾಟು ತಡೆಯಲಾಗದೆ ಜನ ದೂರಿದರು. ಮರದ ತಪ್ಪೇನಿಲ್ಲ, ಒಂದನ್ನೇ ನೆಟ್ಟದ್ದು ತಪ್ಪು.

ಅದೇ ರಾಜ್ಯದ ವಿಜಯವಾಡ ಅಲ್ಲಿಂದ ಸುಮಾರು 350 ಕಿಲೋಮೀಟರ್. ಅಲ್ಲಿನ ಎಲೆಗೆ ಶತ್ರು ಗಾಳಿಗಿಂತ ಹೆಚ್ಚಾಗಿ ಮೇ ತಿಂಗಳ ಬಿಸಿಲು. ಎಲೆ ತನ್ನ ಪತ್ರರಂಧ್ರಗಳ ಮೂಲಕ ನೀರನ್ನು ಆವಿಯಾಗಿಸಿ ತಣ್ಣಗಾಗುತ್ತದೆ, ಸುತ್ತಲ ಗಾಳಿಯನ್ನೂ ತಣಿಸುತ್ತದೆ. ಒಂದು ಲೀಟರ್ ನೀರು ಹೀಗೆ ಆವಿಯಾದರೆ ಹೀರಿಕೊಳ್ಳುವ ಶಾಖ ಸುಮಾರು 0.67 ಯುನಿಟ್ ವಿದ್ಯುತ್ತಿಗೆ ಸಮ. ಆದರೆ ಬೇರಿಗೆ ನೀರು ಸಿಗದಿದ್ದರೆ ಎಲೆ ಆ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಒಣಗಿ ಸಾಯುವುದಕ್ಕಿಂತ ಬಿಸಿಯಾಗಿರುವುದು ಅದಕ್ಕೆ ಮೇಲು. ಆಗ ನೆರಳು ಉಳಿಯುತ್ತದೆ, ತಂಪು ಹೋಗುತ್ತದೆ.

ಬುಡದವರೆಗೆ ಕಾಂಕ್ರೀಟ್ ಸುರಿದ ಬೀದಿಮರದ ಪಾಡು ಇದೇ. ನೆಟ್ಟ ಸಸಿಗಳ ಲೆಕ್ಕ ಕೊಡುವ ನಗರಪಾಲಿಕೆಗಳು, ಪ್ರತಿ ಮರದ ಸುತ್ತ ಎಷ್ಟು ಚದರಡಿ ಮಣ್ಣು ಬಿಟ್ಟಿದ್ದೇವೆ ಎಂಬ ಲೆಕ್ಕವನ್ನೂ ಕೊಡಬೇಕು. ಬೇಗ ಬೆಳೆದು ನೀಟಾಗಿ ಕಾಣುತ್ತದೆಂದು ಕೊನೊಕಾರ್ಪಸ್ ನೆಡುವ ಖಯಾಲಿ ಹಲವು ಊರುಗಳಲ್ಲಿ ಹಬ್ಬಿತ್ತು. ಗುಜರಾತ್ 2023ರಲ್ಲಿ ಅದನ್ನು ನಿಷೇಧಿಸಿತು. ನೋಟಕ್ಕೆ ನೆಡುವವರು ಎಲೆಯ ಕೆಲಸವನ್ನು ಕೇಳುವುದೇ ಇಲ್ಲ.

ವಿಜಯವಾಡಕ್ಕೆ ಒಂದು ಅನುಕೂಲವಿದೆ. ಕೃಷ್ಣೆಯ ನೀರು ಹೊತ್ತ ಏಲೂರು, ಬಂದರು, ರೈವ್ಸ್ ಕಾಲುವೆಗಳು ಊರಿನ ನಡುವೆಯೇ ಹರಿಯುತ್ತವೆ. ಆ ದಂಡೆಗಳ ಮಣ್ಣಿಗೆ ಸಿಮೆಂಟು ಬಳಿಯದೆ ಆಲ, ಅರಳಿ, ಹೊಂಗೆ, ನೇರಳೆಗೆ ಬಿಟ್ಟುಕೊಟ್ಟರೆ, ಮಧ್ಯಾಹ್ನದ ಹೊತ್ತಿನಲ್ಲೂ ರಂಧ್ರ ತೆರೆದಿಡುವಷ್ಟು ನೀರು ಅವುಗಳ ಬೇರಿಗೆ ಸಿಗುತ್ತದೆ.